ಲಿನನ್ ಕೋಣೆಯ ಹಾಡುಪೆಟ್ಟಿಗೆ

ನಾನು ಒಂದು ರೆಕಾರ್ಡ್ ಪ್ಲೇಯರ್. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ದಸ್ತಗೀರ್ ಸಾಹೇಬರ ರೇಡಿಯೋ ರಿಪೇರಿ ಅಂಗಡಿಯಲ್ಲಿ. ದೊಡ್ಡ ಕಾರ್ಖಾನೆಯ ಕುಲ ನನ್ನದಲ್ಲ. ನನ್ನ ಮೋಟಾರು ಕೆಟ್ಟುಹೋದ ವಿಲಾಯಿತಿ ಯಂತ್ರವೊಂದರದು, ಸ್ಪೀಕರು ಯಾರೋ ಬಿಟ್ಟುಹೋದ ರೇಡಿಯೋದ್ದು. ತಟ್ಟೆ ತಿರುಗಿಸುವ ರಬ್ಬರ್ ಗಾಲಿಯನ್ನು ಸಾಹೇಬರೇ ಕೊರೆದು ಮಾಡಿದರು. ಸಾಗವಾನಿ ಹಲಗೆಯ ಪೆಟ್ಟಿಗೆಯೊಳಗೆ ಇವನ್ನೆಲ್ಲ ಕೂರಿಸಿ, ಮೊದಲ ಸಲ ಸೂಜಿ ಇಳಿಸಿದಾಗ ನಾನು ಕೆಮ್ಮಿದೆ. ಸಾಹೇಬರು ನಕ್ಕು, "ಬದುಕ್ತದ," ಅಂದರು.

ನನ್ನನ್ನು ಮೊದಲು ಕೊಂಡವರು ರೈಲ್ವೆ ಗಾರ್ಡ್ ಡಗ್ಲಸ್ ಸಾಹೇಬರು. ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚುವ ಮೊದಲೇ ನನ್ನ ಮುಚ್ಚಳ ತೆಗೆಯುತ್ತಿದ್ದರು. ಅವರ ಬಳಿ ಹನ್ನೊಂದು ರೆಕಾರ್ಡುಗಳಿದ್ದವು, ಹನ್ನೊಂದೂ ರಾಕ್ ಸಂಗೀತದವು. ಗಿಟಾರು ಗುಡುಗುತ್ತಿತ್ತು, ಡೋಲು ಎದೆಗೆ ಒದೆಯುತ್ತಿತ್ತು, ಹಾಡುವವನು ಹಾಡಿನ ನಡುವೆ ಒದರುತ್ತಿದ್ದ. ಆ ಒದರಾಟ ನನ್ನ ಹಲಗೆಗಳಿಗೆ ಎಷ್ಟು ಒಗ್ಗಿತೆಂದರೆ ಪಕ್ಕದ ಮನೆಯ ರೇಡಿಯೋದಿಂದ ಬೇರೆ ಸಂಗೀತ ಕೇಳಿಬಂದರೆ ನನಗೆ ತೂಕಡಿಕೆ ಬರುತ್ತಿತ್ತು.

ಸಾಹೇಬರ ಹೆಂಡತಿ ಲಕ್ವ ಹೊಡೆದು ಹಾಸಿಗೆ ಹಿಡಿದರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಒಂದೂವರೆ ತಾಸಿನ ದೂರದ ಊರಲ್ಲಿ ಒಂದು ಮಿಷನ್ ಆಸ್ಪತ್ರೆಯಿತ್ತು. ಅಲ್ಲಿ ನಾಲ್ಕು ತಿಂಗಳು ಅವರ ಬೆನ್ನು ಹುಣ್ಣಾಗದಂತೆ ಎರಡೆರಡು ತಾಸಿಗೆ ಮಗ್ಗುಲು ಬದಲಿಸಿದವಳು ಸಲೋಮಿ. ನರ್ಸಿಂಗ್ ಕಲಿಯುತ್ತಿದ್ದ ಎರಡನೇ ವರ್ಷದ ಹುಡುಗಿ, ಹಳ್ಳಿಯ ಚರ್ಚಿನ ಬೋಧಕರ ಮಗಳು. ಹೆಂಡತಿ ಎದ್ದು ಕೂತ ಮೇಲೆ ಸಾಹೇಬರು ಊರು ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟರು. ಹೋಗುವ ಮುನ್ನ ನನ್ನನ್ನೂ ಹನ್ನೊಂದು ರೆಕಾರ್ಡುಗಳನ್ನೂ ಸಲೋಮಿಯ ಕೈಗಿತ್ತರು.

ಆ ಆಸ್ಪತ್ರೆಯ ಹಾಸ್ಟೆಲಿನ ಗೋಡೆಗೆ ನಿಯಮಗಳ ಹಲಗೆಯೊಂದನ್ನು ತೂಗುಹಾಕಿದ್ದರು. ಕೂದಲು ಬಿಡಬಾರದು, ಜೋರಾಗಿ ನಗಬಾರದು, ಓಡಬಾರದು. ಎಲ್ಲಕ್ಕಿಂತ ಕೆಳಗೆ ಮ್ಯಾಟ್ರನ್ ಸುಮಿತ್ರಾಬಾಯಿ ತಮ್ಮ ಕೈಯಾರೆ ಬರೆದಿದ್ದರು: ರಾಕ್ ಸಂಗೀತ ನಿಷಿದ್ಧ. ಹೊರಗಿನಿಂದ ಬಂದ ಧರ್ಮೋಪದೇಶಕರೊಬ್ಬರು ಅದನ್ನು ಸೈತಾನನ ಸಂಗೀತ ಎಂದು ಹೇಳಿಹೋಗಿದ್ದರಂತೆ. ಸಲೋಮಿ ನನ್ನನ್ನು ಒಗೆದ ಚಾದರಗಳ ಗಂಟಿನಲ್ಲಿ ಸುತ್ತಿ ಒಳಗೆ ತಂದಳು. ಆಸ್ಪತ್ರೆಯ ಬಟ್ಟೆ ಇಡುವ ಲಿನನ್ ಕೋಣೆಯ ಕಪಾಟಿನ ಹಿಂದೆ ನನಗೆ ಜಾಗವಾಯಿತು.

ಆ ಕೋಣೆಗೆ ಒಂದು ದೊಡ್ಡ ಸೌಕರ್ಯವಿತ್ತು. ಪಕ್ಕದಲ್ಲೇ ಆಪರೇಶನ್ ಸಾಮಾನು ಉಗಿಯಲ್ಲಿ ಬೇಯಿಸುವ ಯಂತ್ರ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಅದು ಬುಸುಗುಟ್ಟುತ್ತಿತ್ತು. ಅದರ ಸದ್ದಿನ ಮರೆಯಲ್ಲಿ ನಾನು ಹಾಡುತ್ತಿದ್ದೆ. ಕೇಳುವವರು ಮೂವರು. ಸಲೋಮಿ, ಅವಳ ಜೊತೆ ಓದುತ್ತಿದ್ದ ವತ್ಸಲಾ ಮತ್ತು ಯೂನಿಸ್. ಮೊದಲ ದಿನ ವತ್ಸಲಾ ಕಣ್ಣರಳಿಸಿ ಕೇಳಿದಳು, "ಏನವಾ ಇಂವ, ಹಾಡಾಕತ್ತಾನೋ ಜಗಳ ಆಡಾಕತ್ತಾನೋ?"

"ಎರಡೂ," ಎಂದಳು ಸಲೋಮಿ.

ಯೂನಿಸ್ ಸೊಗಸಾಗಿ ಕುಣಿಯುತ್ತಿದ್ದಳು. ಚಪ್ಪಲಿ ಬಿಟ್ಟು, ದಿಂಬಿನ ಚೀಲವನ್ನು ತಲೆಗೆ ಕಟ್ಟಿಕೊಂಡು, ಸದ್ದಾಗದಂತೆ ಕುಣಿಯುತ್ತಿದ್ದಳು. ಆಗ ಅವಳನ್ನು ನೋಡಿ ನನಗೂ ಸಂತೋಷವಾಗುತ್ತಿತ್ತು. ಇದನ್ನು ಈಗ ಹೇಳಲು ನಾಚಿಕೆಯಾಗುತ್ತದೆ.

ಒಂದು ದಿನ ಸುಟ್ಟಗಾಯದ ವಾರ್ಡಿನಲ್ಲಿ ಆರು ವರ್ಷದ ಹುಡುಗಿ ಸಲೋಮಿಯ ಕೈ ಹಿಡಿದುಕೊಂಡೇ ಸತ್ತಳು. ಅತ್ತದ್ದಕ್ಕೆ, ನರ್ಸ್ ಅಳಬಾರದು ಎಂದು ಮ್ಯಾಟ್ರನ್ ಗದರಿದರು. ಮಧ್ಯಾಹ್ನ ಸಲೋಮಿ ಬಂದವಳೇ ಎಲ್ಲಕ್ಕಿಂತ ಗಡುಸಾದ ರೆಕಾರ್ಡನ್ನು ಹಾಕಿದಳು. "ನಗಬಾರದು ಅಂತಾರ, ಅಳಬಾರದು ಅಂತಾರ. ನಮ್ಮ ಪಾಲಿಂದು ಇವನರ ಒದರಲಿ," ಎಂದಳು. ಮೂವರೂ ಚಾದರದ ರಾಶಿಗೆ ಮುಖ ಒತ್ತಿ, ಹಾಡು ಮುಗಿಯುವವರೆಗೆ ಹಾಗೇ ಇದ್ದರು. ನನ್ನ ಬದುಕಿನಲ್ಲಿ ನಾನು ಯಾರಿಗಾದರೂ ಉಪಯೋಗಕ್ಕೆ ಬಂದೆ ಎನ್ನುವುದಾದರೆ ಅದು ಆ ದಿನ.

ಕೊನೆಯ ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಯೂನಿಸ್ ಯಾರಿಗೂ ಹೇಳದೆ ಸಿನಿಮಾಕ್ಕೆ ಹೋಗಿ ಸಿಕ್ಕಿಬಿದ್ದಳು. ಮರುದಿನ ಮ್ಯಾಟ್ರನ್ ನೇರವಾಗಿ ಲಿನನ್ ಕೋಣೆಗೆ ಬಂದು, ಹುಡುಕುವ ಗೋಜೇ ಇಲ್ಲದೆ, ಕಪಾಟಿನ ಹಿಂದೆ ಕೈ ಹಾಕಿ ನನ್ನನ್ನು ಹೊರಗೆಳೆದರು. ಅವರ ಕಚೇರಿಯ ಮೇಜಿನ ಮೇಲೆ ನಾನು ಕೂತೆ. ಮುಂದೆ ನಡೆದುದನ್ನೆಲ್ಲ ಅಲ್ಲಿಂದಲೇ ನೋಡಿದೆ.

ಮೊದಲು ಬಂದವಳು ಯೂನಿಸ್. "ನಾ ಬ್ಯಾಡಂತಿದ್ದೆರಿ ಸಿಸ್ಟರ್. ಎಲ್ಲಾ ಸಲೋಮಿದು. ಆಕಿ ವಾರ್ಡಿನ್ಯಾಗ ಪೇಶಂಟ್ ಬಿಟ್ಟು ಬರ್ತಿದ್ಲು," ಎಂದಳು.

ಅದು ಹಸಿ ಸುಳ್ಳು. ಸಲೋಮಿ ತನ್ನ ಊಟದ ಹೊತ್ತನ್ನು ಬಿಟ್ಟು ಬರುತ್ತಿದ್ದಳು. ರೋಗಿಯನ್ನು ಬಿಟ್ಟು ಒಂದು ದಿನವೂ ಬಂದಿರಲಿಲ್ಲ. ಯೂನಿಸ್ ಆ ಮಾತನ್ನು ಬರೆದುಕೊಟ್ಟು ಸಹಿ ಹಾಕಿದಳು. ಅವಳ ಸಿನಿಮಾದ ತಪ್ಪು ಅಲ್ಲಿಗೆ ಮಾಫ್ ಆಯಿತು.

ಆಮೇಲೆ ವತ್ಸಲಾಳನ್ನು ಒಬ್ಬಳನ್ನೇ ಕರೆದರು. ಮ್ಯಾಟ್ರನ್ ಆ ಕಾಗದವನ್ನು ಅವಳ ಮುಂದೆ ಸರಿಸಿ, "ಇದು ಖರೆ ಏನು?" ಎಂದರು. ವತ್ಸಲಾ ಓದಿದಳು, ಸಹಿಯನ್ನೂ ನೋಡಿದಳು. "ನನಗ ಗೊತ್ತಿಲ್ರಿ," ಎಂದಳು.

ಕೊನೆಗೆ ಸಲೋಮಿ. ಜೊತೆಗೆ ಯಾರಿದ್ದರು ಎಂದು ಮೂರು ಸಲ ಕೇಳಿದರೂ ಅವಳು, "ನಾ ಒಬ್ಬಾಕಿನರಿ," ಎಂದಳು. ಮ್ಯಾಟ್ರನ್ ಮೂಳೆ ಆಪರೇಶನ್ ಮಾಡುವ ಕೋಣೆಯಿಂದ ಸುತ್ತಿಗೆ ತರಿಸಿ, ಹನ್ನೊಂದು ರೆಕಾರ್ಡುಗಳನ್ನೂ ಅವಳ ಕೈಯಿಂದಲೇ ಒಡೆಸಿದರು. ಸಂಜೆಯ ಬಸ್ಸಿಗೆ ಅವಳನ್ನು ಊರಿಗೆ ಕಳಿಸಿದರು.

ನನ್ನನ್ನು ಮಾತ್ರ ಒಡೆಯಲಿಲ್ಲ. ಕ್ರಿಸ್ಮಸ್ಸಿಗೆ ವಾರ್ಡುಗಳಲ್ಲಿ ಭಕ್ತಿಗೀತೆ ಹಾಕಲು ನಾನು ಬೇಕಾಗಿದ್ದೆ. ಇಷ್ಟು ವರ್ಷ ಮೈಯೊಳಗೆ ಆ ಒದರಾಟ ಇಟ್ಟುಕೊಂಡಿದ್ದ ನಾನು, ಸುತ್ತಿಗೆ ತರಿಸಿದ ಕೈಗೇ ಹಾಡಿದೆ. ಹಾಡುಗಳ ತಪ್ಪೇನಿರಲಿಲ್ಲ, ಆದರೆ ಪ್ರತಿ ಸಲ ಸೂಜಿ ಇಳಿದಾಗಲೂ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು. ಕ್ಯಾಸೆಟ್ಟುಗಳು ಬಂದ ಮೇಲೆ ನನ್ನನ್ನು ಉಗ್ರಾಣಕ್ಕೆ ಒಗೆದರು. ಮುರಿದ ಗಾಲಿಕುರ್ಚಿ, ತುಕ್ಕು ಹಿಡಿದ ಬೆಡ್‌ಪ್ಯಾನು, ನಡುವೆ ನಾನು. ಜಿರಳೆಗಳು ನನ್ನ ಸ್ಪೀಕರಿನಲ್ಲಿ ಮೊಟ್ಟೆ ಇಟ್ಟವು. ಅವುಗಳ ಸಹವಾಸ ನನಗೆ ಅಷ್ಟೇನೂ ಅಸಹ್ಯವೆನಿಸಲಿಲ್ಲ.

ಸಲೋಮಿ ಹೋಗಿ ಐವತ್ತು ವರ್ಷ ಕಳೆದ ಮೇಲೆ ಉಗ್ರಾಣದ ಬಾಗಿಲು ತೆರೆದು ಒಳಬಂದವಳು ಯೂನಿಸ್. ದಪ್ಪಗಾಗಿದ್ದಳು, ರೇಷ್ಮೆ ಸೀರೆ ಉಟ್ಟಿದ್ದಳು. ಅದೇ ನರ್ಸಿಂಗ್ ಶಾಲೆಗೆ ಪ್ರಾಂಶುಪಾಲೆಯಾಗಿ ನಿವೃತ್ತಳಾಗಿದ್ದಳು. ಅವಳ ಜೊತೆ ಓದಿದವರೆಲ್ಲರ ಸುವರ್ಣ ಸಮಾಗಮವಂತೆ. "ಇದಾ ನೋಡ್ರಿ, ನಮ್ಮ ರಾಕ್ ಮಶಿನ್ನು," ಎಂದು ಜೊತೆಗಿದ್ದ ಫೋಟೋದವನಿಗೆ ತೋರಿಸಿದಳು. ಹಳೆಯದು ಚೆನ್ನಾಗಿ ಕಾಣುವುದಿಲ್ಲವೆಂದು ನನಗೆ ಬಂಗಾರದ ಬಣ್ಣ ಹೊಡೆಸಿದಳು. ಡಬ್ಬಿಯಿಂದ ಬುಸ್ಸೆಂದು ಹಾರಿದ ಆ ಬಣ್ಣ ಹಲಗೆಗೂ ಹತ್ತಿತು, ಸ್ಪೀಕರಿನ ಜಾಲರಿಗೂ ಹತ್ತಿತು. ಮೋಟಾರಿನ ಸಂದಿಯಲ್ಲಿ ಇಳಿದು ಗಟ್ಟಿಯಾಯಿತು. ಇನ್ನೆಂದೂ ನಾನು ತಿರುಗಲಾರೆ ಎಂದು ನನಗೆ ಆಗಲೇ ತಿಳಿಯಿತು. ನಾನು ತಿರುಗುವುದು ಯಾರಿಗೂ ಬೇಕಾಗಿರಲಿಲ್ಲ.

ಸಮಾರಂಭದ ದಿನ ನನ್ನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿ ವೇದಿಕೆಯ ಮೇಲೆ ಇಟ್ಟರು. ಮುಂದಿನ ಸಾಲಿನ ತುದಿಯಲ್ಲಿ ಇಬ್ಬರು ಮುದುಕಿಯರು ಅಕ್ಕಪಕ್ಕ ಕೂತಿದ್ದರು. ಸಲೋಮಿಯನ್ನು ನಾನು ಕೂಡಲೇ ಗುರುತಿಸಿದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು. ಪಕ್ಕದಲ್ಲಿ ವತ್ಸಲಾ, ರೈಲ್ವೆ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸ್ ಆಗಿದ್ದವಳು. ರೆಕಾರ್ಡು ಒಡೆಸಿದ ಆ ದಿನದ ನಂತರ ಅವರು ಭೇಟಿಯಾದದ್ದು ಇದೇ ಮೊದಲು.

"ನೀ ಈಗೂ ಆ ಹಾಡು ಕೇಳ್ತಿಯೇನ?" ಎಂದು ಕೇಳುತ್ತಿದ್ದಳು ವತ್ಸಲಾ.

"ಬಿಡ್ಲೇ ಇಲ್ಲವಾ. ಸರ್ಟಿಫಿಕೇಟ್ ಇಲ್ಲದಕ್ಕ ಜೀವಮಾನಾ ಎಲ್ಲಾ ಆಯಾ ಆಗೇ ದುಡದೆ. ಹಾಸಿಗಿ ಹಿಡದ ಮುದುಕರ ಮೈ ಒರಸ್ಕೋತ ಮನಸ್ಸಿನ್ಯಾಗ ಅದನ್ನ ಹಾಡ್ಕೋತಿದ್ದೆ."

"ನಾನೂ ಮಗನ ಇಯರ್‌ಫೋನ್ ಕದ್ದು ಕೇಳ್ತೀನಿ. ಮೂರನೇ ರೆಕಾರ್ಡಿನ್ಯಾಗ ಡೋಲು ಒಮ್ಮೆಲೆ ನಿಂತು ಮತ್ತ ಸುರುವಾಗತಿತ್ತಲಾ?"

"ಅಲ್ಲೆ ನಿನ್ನ ಕೈಯಾಗಿನ ಚಾದರ ಬೀಳತಿತ್ತು," ಎಂದಳು ಸಲೋಮಿ. ಇಬ್ಬರೂ ಬಾಯಿಗೆ ಸೆರಗು ಇಟ್ಟು ನಕ್ಕರು. ಎಪ್ಪತ್ತು ದಾಟಿದರೂ ಜೋರಾಗಿ ನಗಲು ಅವರಿಗೆ ಬರುತ್ತಿರಲಿಲ್ಲ.

ಆಗ ಯೂನಿಸ್ ಮೈಕು ಹಿಡಿದಳು. ಆ ಕಾಲದಲ್ಲಿ ತಾನು ಹೇಗೆ ಮ್ಯಾಟ್ರನ್ನರಿಗೆ ಎದುರು ನಿಂತೆ, ಹೇಗೆ ಗೆಳತಿಯರಿಗೆ ಧೈರ್ಯ ತುಂಬಿದೆ ಎಂದು ನಗುನಗುತ್ತ ಹೇಳಿದಳು. "ಯಾರೋ ಚಾಡಿ ಹೇಳಿಬಿಟ್ಟರು. ಯಾರೆಂದು ಇಂದಿಗೂ ಗೊತ್ತಾಗಲಿಲ್ಲ," ಎಂದು ನನ್ನ ಮುಚ್ಚಳದ ಮೇಲೆ ಅಂಗೈ ಇಟ್ಟಳು. ಅಂಗೈ ಬೆವರಿರಲಿಲ್ಲ. ಅದು ನನಗೆ ಎಲ್ಲಕ್ಕಿಂತ ಅಸಹ್ಯವೆನಿಸಿತು. ಸುಳ್ಳನ್ನು ಅವಳು ಅಷ್ಟು ವರ್ಷ ನೆಕ್ಕಿ ನೆಕ್ಕಿ ನುಣ್ಣಗೆ ಮಾಡಿಕೊಂಡಿದ್ದಳು.

"ನಮ್ಮ ಸಲೋಮಿ ಮದುವೆಯ ಗಡಿಬಿಡಿಯಲ್ಲಿ ಓದು ಬಿಟ್ಟಳು. ಆದರೂ ಆಕೆ ನಮ್ಮವಳೇ," ಎಂದು ಅವಳನ್ನು ವೇದಿಕೆಗೆ ಕರೆದು, ಚೌಕಟ್ಟು ಹಾಕಿಸಿದ ಗೌರವ ಪತ್ರವೊಂದನ್ನು ಕೊಟ್ಟಳು. ಸಲೋಮಿ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿದಳು. ಅವಳ ಹೆಸರಿನ ಕೆಳಗೆ 'ಸಹಾಯಕ ಸಿಬ್ಬಂದಿ' ಎಂದಿತ್ತು. ಫೋಟೋದವನು ಇತ್ತ ನೋಡಿ ಎಂದ. ಅವಳು ನೋಡಲಿಲ್ಲ. ಮೈಕಿನ ಹತ್ತಿರ ಹೋದಳು.

"ನನಗ ಮದುವಿ ಆಗಿಲ್ಲರಿ. ನನ್ನ ಇಲ್ಲಿಂದ ಹೊರಗ ಹಾಕಿದ್ರು. ಪೇಶಂಟ್ ಬಿಟ್ಟು ಹೋಗ್ತಾಳ ಅಂತ ಬರದು ಹಾಕಿದ್ರು. ನಾ ಯಾವತ್ತೂ ಬಿಟ್ಟು ಹೋಗಿಲ್ಲ."

ಯೂನಿಸ್ ನಗುವನ್ನು ಬಿಡದೆ ಪಕ್ಕದಲ್ಲಿ ಹಾಡು ಹಾಕುವವನಿಗೆ ಕೈ ಸನ್ನೆ ಮಾಡಿದಳು. ದೊಡ್ಡ ದೊಡ್ಡ ಸ್ಪೀಕರುಗಳಿಂದ ಹಾಡು ಸುರುವಾಯಿತು. ನಮ್ಮ ಹನ್ನೊಂದರಲ್ಲಿನ ಒಂದು, ಆದರೆ ಅದಕ್ಕೆ ಯಾರೋ ತಮಟೆಯಂಥ ಬೇರೆ ಬಡಿತ ಹಾಕಿದ್ದರು. ಒದರಾಟವನ್ನು ಕತ್ತರಿಸಿ ತೆಗೆದಿದ್ದರು. ಜನ ಕುಣಿಯತೊಡಗಿದರು. ಯೂನಿಸ್ ಎಲ್ಲರಿಗಿಂತ ಮುಂದೆ.

ಸಲೋಮಿ ಗೌರವ ಪತ್ರವನ್ನು ಕುರ್ಚಿಯ ಮೇಲೆ ಬೋರಲು ಇಟ್ಟಳು. ನನ್ನ ಕೊರಳಿನ ಹಾರ ತೆಗೆದಳು. ಸಂಘಟಕರೊಬ್ಬರು, "ಅದು ವಸ್ತುಸಂಗ್ರಹಾಲಯಕ್ಕ ಹೋಗೂದೈತ್ರಿ," ಎಂದು ಅಡ್ಡ ಬಂದರು.

"ನಂದು ಇದು. ಡಗ್ಲಸ್ ಸಾಹೇಬ್ರು ನನಗ ಕೊಟ್ಟಿದ್ದು," ಎಂದಳು. ದನಿ ಏರಿಸಲಿಲ್ಲ. ಅವರು ಸರಿದರು. ನನ್ನ ಭಾರಕ್ಕೆ ಅವಳು ಒಂದು ಬದಿಗೆ ವಾಲುವುದನ್ನು ನೋಡಿ ವತ್ಸಲಾ ಓಡಿಬಂದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ನನ್ನನ್ನು ಆಟೋದಲ್ಲಿ ಹಾಕಿಕೊಂಡು ಸಲೋಮಿಯ ಬಾಡಿಗೆ ಕೋಣೆಗೆ ಬಂದರು.

ಬಂದ ಕೂಡಲೇ ಸಲೋಮಿ ಬ್ಲೇಡು ತಂದು ನನ್ನ ಮೈಮೇಲಿನ ಬಂಗಾರದ ಬಣ್ಣ ಕೆರೆಯಲು ಕೂತಳು. ವತ್ಸಲಾ ಎದುರಿಗೆ ಗೋಡೆಗೆ ಒರಗಿದಳು.

"ಸಲೋಮಿ, ಯೂನಿಸ್ ಬರದು ಕೊಟ್ಟಿದ್ಲು. ನಾ ಆ ಕಾಗದ ನೋಡೀನಿ."

"ನನಗೂ ಅನ್ನಸಿತ್ತು."

"ಖರೆ ಏನಂತ ಮ್ಯಾಟ್ರನ್ ನನ್ನ ಕೇಳಿದ್ರು. ಗೊತ್ತಿಲ್ಲ ಅಂದೆ. ಇವತ್ತೂ ಬಾಯಿ ಬಿಡಲಿಲ್ಲ ನಾ."

ಬ್ಲೇಡು ನಿಂತಿತು. ಸಲೋಮಿ ತಲೆ ಎತ್ತಲಿಲ್ಲ. ಬೆರಳ ತುದಿಗೆ ಹತ್ತಿದ ಬಂಗಾರದ ಪುಡಿಯನ್ನು ನೋಡುತ್ತ ಕೂತಳು.

"ನನಗ ಹೇಸಿಗಿ ಬರಾಕತ್ತೈತಿ ವತ್ಸಲಾ."

"ನನ್ನ ಮ್ಯಾಲೇನ?"

"ನಿನ್ನ ಮ್ಯಾಲ, ಆಕಿ ಮ್ಯಾಲ. ನಿಮ್ಮಿಬ್ಬರ ಹೆಸರು ಹೇಳಲಿಲ್ಲ ಅನ್ನೂದೊಂದ ನನ್ನ ಆಸ್ತಿ ಅಂತ ಇಟಗೊಂಡು ಬದುಕಿದ್ದೆ. ಇವತ್ತ ಅದೂ ಹೊಲಸಾತು."

ವತ್ಸಲಾ ಅಳಲಿಲ್ಲ. ಅತ್ತಿದ್ದರೆ ಸಲೋಮಿ ಅವಳನ್ನು ಹೊರಗೆ ಕಳಿಸುತ್ತಿದ್ದಳೇನೋ. ತುಸು ಹೊತ್ತಿನ ಮೇಲೆ ಸಲೋಮಿ ಎದ್ದು, ಚಹಾ ಮಾಡಿ ಒಂದೇ ಬಟ್ಟಲು ತಂದಳು. ತಾನೇ ಕುಡಿದಳು. ಆಮೇಲೆ ಬ್ಲೇಡನ್ನು ನೆಲದ ಮೇಲೆ ವತ್ಸಲಾಳ ಕಡೆಗೆ ಸರಿಸಿದಳು.

"ಆ ಮಗ್ಗಲ ಇನ್ನೂ ಉಳದೈತಿ. ಕೆರಿ."

ವತ್ಸಲಾ ಕೆರೆದಳು. ಅವಳ ಕೈ ಬಿರುಸು. ಬಣ್ಣದ ಜೊತೆ ನನ್ನ ಹಲಗೆಯ ಸಿಬಿರೂ ಎದ್ದಿತು. ಆದರೂ ನನಗೆ ಹಿತವಾಯಿತು.

ಈಗ ನಾನು ಸಲೋಮಿಯ ಮಂಚದ ಪಕ್ಕ ಇದ್ದೇನೆ. ಮೋಟಾರು ಸತ್ತಿದೆ, ಜಾಲರಿಯ ತೂತುಗಳಲ್ಲಿ ಬಣ್ಣ ಇನ್ನೂ ಇದೆ. ಐವತ್ತು ವರ್ಷ ಸತ್ಯ ಗೊತ್ತಿದ್ದೂ ಹೇಳಲಾಗದೆ ಕೂತವನು ನಾನು. ಬಾಯಿಲ್ಲದ ವಸ್ತು ಎಂದು ಜನ ನನ್ನನ್ನು ಕ್ಷಮಿಸಬಹುದು. ಬಾಯಿದ್ದವರಿಗೆ ಅಷ್ಟು ಸುಲಭವಿಲ್ಲ. ವತ್ಸಲಾ ಪ್ರತಿ ಗುರುವಾರ ಬರುತ್ತಾಳೆ. ಹೊಲಿಯುವ ಸೂಜಿಯ ತುದಿಯಿಂದ ಜಾಲರಿಯ ಒಂದೊಂದೇ ತೂತು ಬಿಡಿಸುತ್ತಾಳೆ. ಸಲೋಮಿ ಅವಳೊಂದಿಗೆ ಹೆಚ್ಚು ಮಾತಾಡುವುದಿಲ್ಲ. ಆದರೆ ಕಳೆದ ತಿಂಗಳಿಂದ ಚಹಾದ ಬಟ್ಟಲುಗಳು ಎರಡು ಬರುತ್ತಿವೆ.