ನೂರಹದಿಮೂರನೇ ಪುಟ

ಒಂದು ಕಾಲಿಗೆ ಕೆಂಪು, ಇನ್ನೊಂದಕ್ಕೆ ಹಳದಿ, ಹಳದಿಯ ಮೇಲೆ ಬಾತುಕೋಳಿಗಳು — ಮುಂದಿನ ಸಾಲಿನ ಗಡ್ಡದವನು ಎಲ್ಲರಿಗೂ ಕಾಣಲಿ ಎಂದೇ ಪ್ಯಾಂಟು ಮಡಚಿಕೊಂಡು ಕೂತಿದ್ದಾನೆ, ಅವನೊಬ್ಬನೇ ಅಲ್ಲ, ಲೈಬ್ರರಿಯ ಈ ಸಭಾಂಗಣದಲ್ಲಿ ತುಂಬಿರುವ ಇನ್ನೂರು ಜನರೂ ಜೋಡಿ ತಪ್ಪಿಸಿದ ಕಾಲುಚೀಲ ಹಾಕಿಕೊಂಡು ಬಂದಿದ್ದಾರೆ, ‘ನಕ್ಷತ್ರ ಲಾಂಡ್ರಿ’ ಪುಸ್ತಕಮಾಲೆಯ ಅಭಿಮಾನಿಗಳ ಗುರುತಂತೆ ಅದು, ಮೊಮ್ಮಕ್ಕಳನ್ನು ಕಂಡವರೂ ಇದ್ದಾರೆ, ನಾಚಿಕೆ ಬೇಡವೇ. ಅವಳ ಕಾಲಲ್ಲಿ ಬರೀ ಚಪ್ಪಲಿ, ಬೆರಳಲ್ಲಿ ಬೆಳಗಿನ ಅಂಟು ಇನ್ನೂ ಒಣಗಿಲ್ಲ, ಈ ಲೈಬ್ರರಿಯ ಬೈಂಡರ್ ಅವಳು, ಅವಳಿಗೆ ಮುಂಚೆ ಅಪ್ಪ — ಮತ್ತೆ ಆ ಆರು ಪುಸ್ತಕಗಳು ಅವಳಿಗೂ ಬಾಯಿಪಾಠ, ಗ್ರಹದಿಂದ ಗ್ರಹಕ್ಕೆ ಹೋಗಿ ಕೊಳೆಬಟ್ಟೆ ಒಗೆದು ಒಬ್ಬರದ್ದನ್ನು ಇನ್ನೊಬ್ಬರಿಗೆ ಕೊಟ್ಟುಬರುವ ಆ ಡಕೋಟಾ ಹಡಗು, ಎರಡು ಸೈನ್ಯಗಳ ಸಮವಸ್ತ್ರ ಅದಲುಬದಲಾಗಿ ಯುದ್ಧವೇ ನಿಂತುಹೋದದ್ದು, ಹಡಗು ನಡೆಸುವುದು ತಾನೇ ಎಂದು ನಂಬಿರುವ ಇಸ್ತ್ರಿಪೆಟ್ಟಿಗೆ, ಎಲ್ಲ ಗೊತ್ತು, ನಿಮಗಿಂತ ಚೆನ್ನಾಗಿ ಗೊತ್ತು. ಈಗಷ್ಟೇ ಪರದೆಯ ಮೇಲೆ ಸೀರಿಯಲ್ಲಿನ ಹೊಸ ಕಂತು ಮುಗಿದಿದೆ, ದೀಪ ಹತ್ತಿವೆ, ವೇದಿಕೆಯಲ್ಲಿ ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಕಣ್ಣೀರು ನಿಜವೇ ಇರಬೇಕು, ಆ ಮನುಷ್ಯ ಸುಳ್ಳುಗಾರನಲ್ಲ, ಅದಕ್ಕೇ ಅವಳ ಹೊಟ್ಟೆ ಇನ್ನಷ್ಟು ಉರಿಯುವುದು, ಸುಳ್ಳುಗಾರನಾಗಿದ್ದರೆ ಮನಸ್ಸಿನಲ್ಲೇ ನಾಲ್ಕು ಬೈದು ಎದ್ದುಹೋಗಬಹುದಿತ್ತು. ನೂರಹದಿಮೂರನೇ ಪುಟ, ಅನ್ನುತ್ತಿದ್ದಾರೆ, ಆ ಪುಟ ಓದಿದ ದಿನದಿಂದ ನಾನು ಬೇರೆ ಮನುಷ್ಯ ಆದೆ ಸ್ನೇಹಿತರೇ, ಇಂಥದ್ದು ಬರೆಯೋಕೆ ನಮ್ಮ ಲೇಖಕರೊಬ್ಬರಿಗೇ ಸಾಧ್ಯ. ನಿಮ್ಮ ತಲೆ.

ಅಚ್ಚಿನವರ ಕಣ್ತಪ್ಪು ಅದು, ಮೂರನೇ ಪುಸ್ತಕದಲ್ಲಿ ನೂರಹನ್ನೆರಡಾದ ಮೇಲೆ ನೇರ ನೂರಹದಿನೈದು, ನಡುವಿನ ಹಾಳೆ ಒಂದು ಪ್ರತಿಯಲ್ಲೂ ಇಲ್ಲ — ಕಳೆದುಹೋದ ಒಂಟಿ ಕಾಲುಚೀಲ ಹುಡುಕಲು ಹಡಗಿನ ಕ್ಯಾಪ್ಟನ್ ಒಗೆಯುವ ಯಂತ್ರದೊಳಕ್ಕೆ ಇಳಿಯುತ್ತಾನೆ, ಮರುಪುಟದಲ್ಲಿ ಬರಿಗಾಲಲ್ಲಿ ಹೊರಗೆ ಬಂದು ಇನ್ನು ಜನ್ಮದಲ್ಲಿ ಕಾಲುಚೀಲ ಹಾಕುವುದಿಲ್ಲ ಎಂದು ಆಣೆ ಇಡುತ್ತಾನೆ, ಒಳಗೆ ಏನಾಯಿತೋ ಆ ದೇವರೇ ಬಲ್ಲ. ಕೇಳೋಣವೆಂದರೆ ಲೇಖಕರು ತೀರಿಕೊಂಡಿದ್ದರು, ಪ್ರಕಾಶಕರು ಬಾಗಿಲು ಹಾಕಿಕೊಂಡಿದ್ದರು. ಬೆನ್ನು ಮುರಿದ ಆ ಪುಸ್ತಕ ಅಪ್ಪನ ಕೈಚೀಲದಲ್ಲಿ ಮನೆಗೆ ಬಂದಾಗ ಅಕ್ಕನಿಗೆ ಹದಿನೇಳು, ಅವಳಿಗೆ ಹದಿಮೂರು, ಅಕ್ಕ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಳು, ಎರಡೇ ದಿನದಲ್ಲಿ ಹಾಳೆಯ ಎರಡೂ ಮಗ್ಗುಲು ಟೈಪ್ ಮಾಡಿ ಮೇಲೆ ನೂರಹದಿಮೂರು, ಹಿಂದೆ ನೂರಹದಿನಾಲ್ಕು ಎಂದು ಹಾಕಿ ಅಪ್ಪ ಹೊಲಿಯಲು ಇಟ್ಟಿದ್ದ ಹಾಳೆಗಳ ಕಟ್ಟಿನೊಳಗೆ ಸೇರಿಸಿಬಿಟ್ಟಳು — ಅಪ್ಪ ಹೊಲಿಯುವ ಮುಂಚೆ ಪುಟದ ಸಂಖ್ಯೆ ಮಾತ್ರ ನೋಡುತ್ತಿದ್ದ, ಅಕ್ಷರ ನೋಡುವುದು ಓದುವವರ ಕೆಲಸ ಅನ್ನುತ್ತಿದ್ದ, ಸಂಖ್ಯೆ ಸರಿಯಾಗಿತ್ತು, ಸೂಜಿ ಚುಚ್ಚಿದ, ದಾರ ಎಳೆದ, ಆಯಿತು. ಅಷ್ಟೇ ಸ್ವಾಮಿ ನಿಮ್ಮ ಪವಾಡ. ಹತ್ತು ವರ್ಷ ಬಿಟ್ಟು ಇದೇ ಡಾಕ್ಟರು, ಆಗಿನ್ನೂ ವಿದ್ಯಾರ್ಥಿ, ಕಪಾಟಿನಿಂದ ಅದನ್ನು ತೆಗೆದು ಕೂಗಿಕೊಂಡಿದ್ದು ಬೈಂಡಿಂಗ್ ಕೋಣೆಯವರೆಗೂ ಕೇಳಿತ್ತು — ನೋಡ್ರೀ, ಅಂಟಿಸಿದ್ದಲ್ಲ, ಒಳಗೇ ಹೊಲಿದಿದೆ, ಅಂದ್ರೆ ಪ್ರಕಾಶಕರೇ ತಪ್ಪು ಗೊತ್ತಾಗಿ ಲೇಖಕರ ಹತ್ರ ಟೈಪ್ ಮಾಡಿಸಿ ಹಾಕಿದ್ದು! ಆಮೇಲೆ ಝೆರಾಕ್ಸು, ಝೆರಾಕ್ಸಿನ ಝೆರಾಕ್ಸು, ರೇಡಿಯೋ ನಾಟಕ, ಅಂಗಿಯ ಮೇಲೆ ಅಚ್ಚು, ಈಗ ಸೀರಿಯಲ್ಲು, ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡ ಹಾಗೆ. ಸವೆದು ಹರಿದ ಆ ಹಾಳೆಗೆ ನಾಲ್ಕು ಸಲ ತೆಳುಗಾಗದ ಅಂಟಿಸಿ ಉಳಿಸಿದ ಕೈ ಇದು, ಒಮ್ಮೆಯಾದರೂ ಯಾರಾದರೂ ಬೈಂಡರ್ ಕೋಣೆಗೆ ಬಂದು ಇದು ಯಾರು ಹೊಲಿದದ್ದಮ್ಮಾ ಎಂದು ಕೇಳಿದರೇ, ಇಲ್ಲ, ಬೈಂಡರಿಗೆ ಓದಲು ಬರುತ್ತದೆ ಎಂದು ಯಾರಿಗೆ ತಾನೆ ಹೊಳೆದೀತು.

ಕದ್ದದ್ದು ಹೋಗಲಿ, ಕೆಡಿಸದೆ ಇದ್ದಿದ್ದರೆ. ಅಕ್ಕ ಬರೆದದ್ದು ಏನು — ಯಂತ್ರದೊಳಗೆ ಒಂಟಿ ಕಾಲುಚೀಲಗಳ ಒಂದು ಊರು, ಎಲ್ಲವೂ ಜೋಡಿ ಬರುತ್ತದೆಂದು ಬೆಳಗಾದರೆ ಸಾಲುಗಟ್ಟಿ ನಿಲ್ಲುತ್ತವೆ, ಹಿಮ್ಮಡಿ ತೂತಾದ ಒಂದು ಮುದಿ ಕಾಲುಚೀಲ ಕ್ಯಾಪ್ಟನ್‌ನನ್ನು ಕೇಳುತ್ತದೆ, ನನ್ನದು ಎಲ್ಲಿ ಸ್ವಾಮಿ, ಅವನು ಗಂಟಲು ಸರಿಮಾಡಿಕೊಂಡು, ಇನ್ನೂ ಒದ್ದೆ ಇದೆ, ಒಣಗಿದ ಮೇಲೆ ಕೊಡ್ತೀನಿ, ಅನ್ನುತ್ತಾನೆ, ಅಷ್ಟೇ, ಸರ್ಕಾರಿ ಗುಮಾಸ್ತನ ಹಾಗೆ ಒಣಗಿದ ದನಿಯಲ್ಲಿ, ಆಮೇಲೆ ತನ್ನ ಕಾಲಿನದನ್ನೇ ಬಿಚ್ಚಿ ಸಾಲಿನ ಕೊನೆಯಲ್ಲಿ ಇಟ್ಟು ಹೊರಡುತ್ತಾನೆ. ನಗು ಬರಬೇಕು, ಬಂದ ಮೇಲೆ ನಕ್ಕದ್ದಕ್ಕೆ ಬೇಸರವಾಗಬೇಕು. ಸೀರಿಯಲ್ಲಿನ ಮಹಾನುಭಾವರು ಏನು ಮಾಡಿದರು, ಮುದಿ ಕಾಲುಚೀಲವನ್ನು ಗುಲಾಬಿ ಬಣ್ಣದ ಹರೆಯದವಳನ್ನಾಗಿ ಮಾಡಿದರು, ಕ್ಯಾಪ್ಟನ್ ಮಂಡಿಯೂರಿ ಬಿಕ್ಕಿ ಬಿಕ್ಕಿ ಒದ್ದೆ ಇದೆ ಅಂದ, ಹಿಂದಿನಿಂದ ಪಿಟೀಲು ಕೊಯ್ದರು — ಥೂ, ಕೈಗೆ ಸಿಕ್ಕಿದ್ದರೆ. ಆ ಮಾತು ಎಲ್ಲಿಂದ ಬಂತೆಂದು ಗೊತ್ತೇನ್ರೋ ನಿಮಗೆ, ಇದ್ದ ಒಂದೇ ಒಳ್ಳೆ ಲಂಗ ಹರಿದುಹೋಗಿದೆ ಎಂದು ತಂಗಿಗೆ ಹೇಳಲಾರದೆ, ಇನ್ನೂ ಒದ್ದೆ ಇದೆ ಕಣೇ, ಒಣಗಲಿ, ಎಂದು ಮೂರು ದಿನ ಸಾಗಹಾಕಿ ಅಕ್ಕ ರಾತ್ರಿ ಕೂತು ಹೊಲಿದಳಲ್ಲ, ಅಲ್ಲಿಂದ. ಅದನ್ನೇ ಅಂಗಿ ಮೇಲೆ ಅಚ್ಚು ಹಾಕಿಸಿಕೊಂಡು ಮೆರೆಯುತ್ತೀರಿ. ಒಂದು ಸಲ ಬಸ್ಸಿನಲ್ಲಿ ಅಂಥ ಅಂಗಿಯವನು ಅಕ್ಕನ ಮುಂದೆಯೇ ನಿಂತಿದ್ದ, ಹೇಳೇ ಅವನಿಗೆ, ಎಂದು ಇವಳು ತಿವಿದರೆ, ಬಿಡೇ, ಖುಷಿಯಾಗಿದಾನೆ, ಅಂದಳು, ಮೂವತ್ತೊಂದು ವರ್ಷ ಕಂಡವರ ಕಾಗದ ಟೈಪ್ ಮಾಡಿದಳು, ತನ್ನದು ಅಂತ ಒಂದು ಸಾಲು ಮತ್ತೆ ಹೊಡೆಯಲಿಲ್ಲ, ಎಂಟು ತಿಂಗಳ ಹಿಂದೆ ಹೋದಳು. ಹೋದ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕಿತು ಆ ಪುಟದ ಕಾರ್ಬನ್ ಪ್ರತಿ, ಈಗ ಅವಳ ತೊಡೆಯ ಮೇಲಿನ ಚೀಲದಲ್ಲಿದೆ, ಕೆಳಗೆ ಅಕ್ಕನ ಕೈಬರಹದಲ್ಲಿ ಪೆನ್ಸಿಲಿನ ಒಂದು ಸಾಲು — ಆ ಸಾಲು ಬೇಡ, ಅದು ಈಗ ಬೇಡ — ಟೈಪ್ ಮಾಡಿದ ದಿನ ಅಕ್ಕ ಆ ಪುಟ ಓದಿ ಹೇಳಿದ್ದಳು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಣಗಿದ ಮೇಲೆ ಕೊಡ್ತೀನಿ ಎಂಬಲ್ಲಿ ತಲೆಯೆತ್ತಿ ನೋಡಿದಳು, ತುಟಿ ಅರ್ಧ ತೆರೆದು, ತಂಗಿ ನಕ್ಕ ತಕ್ಷಣ ತಾನೂ ನಗಲು ತಯಾರಾಗಿ ನಿಂತ ಬಾಯಿ. ಬೇಡ.

ಪ್ರಶ್ನೆ ಇದ್ರೆ ಕೇಳಿ, ಅನ್ನುತ್ತಿದ್ದಾರೆ ಡಾಕ್ಟರು, ಅವಳು ಯಾವಾಗ ಎದ್ದಳೋ ಅವಳಿಗೇ ತಿಳಿಯದು, ಮೈಕು ಕೈಗೆ ಬಂದಿದೆ, ಇನ್ನೂರು ಮುಖ ಹಿಂದಕ್ಕೆ ತಿರುಗಿವೆ — ಆ ಪುಟ ನಮ್ಮಕ್ಕ ಬರೆದಿದ್ದು. ನಗು, ಸಭಾಂಗಣದ ಸೂರೇ ಹಾರಿಹೋಗುವಂಥ ನಗು, ಚಪ್ಪಾಳೆ, ಗಡ್ಡದವನು ತೊಡೆ ತಟ್ಟಿಕೊಳ್ಳುತ್ತಿದ್ದಾನೆ, ಸೂಪರ್ ಅಕ್ಕಾ! ಡಾಕ್ಟರೂ ನಗುತ್ತಾ, ಹೌದಮ್ಮಾ, ನಮಗೆಲ್ಲರಿಗೂ ಹಾಗೇ ಅನ್ಸುತ್ತೆ, ನಮ್ಮನೆಯವರೇ ಯಾರೋ ಬರೆದ ಹಾಗೆ. ತಮಾಷೆ ಅಂದುಕೊಂಡರು, ಇಷ್ಟು ವರ್ಷದ ಮೇಲೆ ಬಾಯಿಬಿಟ್ಟರೆ ತಮಾಷೆ, ಕಣ್ಣು ಕತ್ತಲೆ ಬರುವಷ್ಟು ಸಿಟ್ಟು, ಕಾಲು ತನ್ನಷ್ಟಕ್ಕೆ ನಡೆಯಿತು, ಸಾಲು ದಾಟಿ, ಮೆಟ್ಟಿಲು ಹತ್ತಿ, ಚೀಲದಿಂದ ಕಾಗದ ತೆಗೆದು ಅವರ ಮೂಗಿನ ಮುಂದೆ ಹಿಡಿದಳು, ನೋಡ್ರಿ, ಕಾರ್ಬನ್ ಪ್ರತಿ, ಎಲ್ಲ ಕಡೆ ‘ರ’ ಒಂದು ಕೂದಲೆಳೆ ಕೆಳಗೆ ಕೂತಿದೆ, ನಿಮ್ಮ ಪುಟದಲ್ಲೂ ಹಾಗೇ ಅಲ್ವಾ. ಆ ಪುಟದ ಒಂದೊಂದು ಚುಕ್ಕೆ ಬಲ್ಲ ಮನುಷ್ಯ, ಕನ್ನಡಕ ಏರಿಸಿದರು, ನಗು ನಿಂತಿತು, ಮುಖದ ಬಣ್ಣ ಇಳಿಯಿತು, ಹೌದು, ಎಂದರು ಮೈಕಿನಲ್ಲೇ, ಅದೇ ಮೆಷಿನ್ನು, ಅಯ್ಯೋ, ಅದೇ. ಆಯಿತು, ಗೆದ್ದಳು, ಕೇಳಿದೆಯಾ ಅಕ್ಕಾ, ಇನ್ನೂರು ಜನರ ಮುಂದೆ — ಅಷ್ಟರಲ್ಲಿ ಅವರ ಬೆರಳು ಕಾಗದದ ಕೆಳಕ್ಕೆ ಇಳಿಯಿತು, ಕೊಡ್ರಿ, ಸಾಕು ಕೊಡ್ರಿ, ಅವಳು ಕೈ ಚಾಚಿದಳು, ಆದರೆ ಅಭಿಮಾನಿಗೆ ಒಂದು ಸಾಲು ಸಿಕ್ಕರೆ ಬಿಟ್ಟಾನೆಯೇ, ಇಲ್ಲಿ ಪೆನ್ಸಿಲಲ್ಲಿ ಏನೋ ಇದೆ ಎಂದು ಗಟ್ಟಿಯಾಗಿ ಓದಿಯೇಬಿಟ್ಟರು — ತಂಗಿಗೆ ನಗು ಬರಲಿಲ್ಲ. ಇನ್ನು ಬರೆಯುವುದು ಬೇಡ.

ಬಂದಿತ್ತು, ನಗು ಬಂದಿತ್ತು, ಹೊಟ್ಟೆಯಿಂದ ಗಂಟಲವರೆಗೆ ಬಂದಿತ್ತು, ಹಲ್ಲು ಕಚ್ಚಿ ತಡೆದಳು, ಯಾಕೆಂದರೆ ಹಿಂದಿನ ದಿನ ಅಕ್ಕ ಮೂರನೇ ಪುಸ್ತಕವನ್ನು ತಾನು ಮೊದಲು ಓದಿ ಕೊನೆ ಏನಾಗುತ್ತದೆಂದು ಹೇಳಿಬಿಟ್ಟಿದ್ದಳು, ಅದಕ್ಕೆ, ಆ ಸಿಟ್ಟಿಗೆ, ಅಷ್ಟಕ್ಕೇ — ಏನಿದು, ಚೆನ್ನಾಗಿಲ್ಲ, ಎಂದು ಇವಳು ತಟ್ಟೆ ತೊಳೆಯಲು ತಿರುಗಿದಳು, ಮಾರನೇ ದಿನ ನಿಜ ಹೇಳಿದರಾಯಿತು ಎಂದುಕೊಂಡಳು, ಮಾರನೇ ದಿನ ಮರೆತಳು, ಆಮೇಲೆ ನಾಚಿಕೆ, ಆಮೇಲೆ ಮೂವತ್ತೆಂಟು ವರ್ಷ, ಈ ಡಾಕ್ಟರನ್ನು ಬೈದದ್ದೆಷ್ಟು, ಸೀರಿಯಲ್ಲಿನವರನ್ನು ಬೈದದ್ದೆಷ್ಟು, ಡಾಕ್ಟರು ಏನೋ ಕೇಳುತ್ತಿದ್ದಾರೆ, ನಿಮ್ಮಕ್ಕ ಆಮೇಲೆ ಇನ್ನೇನಾದ್ರೂ ಬರೆದ್ರಾ ಅಮ್ಮಾ, ಎಲ್ಲರೂ ಕಾಯುತ್ತಿದ್ದಾರೆ, ಅಡುಗೆಮನೆಯ ಬಾಗಿಲು, ಕೈಯಲ್ಲಿ ಹಾಳೆ, ಅರ್ಧ ತೆರೆದ ತುಟಿ, ನಗಲು ತಯಾರಾಗಿ ನಿಂತ ಬಾಯಿ, ನಗಲು ತಯಾರಾಗಿ ನಿಂತ ಆ ಬಾಯಿ —