ಮಾವನ ಊರಿನ ಕೆರೆಗೆ ಇಳಿದದ್ದು

ಬೆನ್ನಿಗೆ ಮೋಟಾರು ಕಟ್ಟಿಕೊಂಡು, ತಲೆಯ ಮೇಲೆ ಬಟ್ಟೆಯ ರೆಕ್ಕೆ ಬಿಚ್ಚಿ ಹಾರುವುದಕ್ಕೆ ಪ್ಯಾರಾಮೋಟರ್ ಎನ್ನುತ್ತಾರೆ. ರಾಯದುರ್ಗದಲ್ಲಿ ಹುಟ್ಟಿ, ಮಡಕಶಿರದಲ್ಲಿ ಬೋರ್‌ವೆಲ್ ಪೈಪು ಮಾರುವ, ಏಣಿ ಹತ್ತಿದರೆ ಕಾಲು ನಡುಗುವ ನನಗೆ ಈ ಹುಚ್ಚು ಹೇಗೆ ಹಿಡಿಯಿತೆಂದು ಕೇಳಬೇಡಿ. ಬೆಂಗಳೂರಿನ ಆಚೆ ತರಬೇತಿ ಪಡೆದು ಬಂದೆ. ಉಳಿದದ್ದು ಹೆಂಡತಿ ಭುವನಾಳ ಒಪ್ಪಿಗೆ.

ಅವಳ ಷರತ್ತು ಸರಳವಾಗಿತ್ತು. ರೊಳ್ಳದ ಹತ್ತಿರವಿರುವ ಅವಳ ತವರಿಗೆ ಹಾರಿ ಹೋಗಿ, ಮೊದಲೇ ಹೇಳಿದ ಜಾಗದಲ್ಲಿ ಇಳಿಯಬೇಕು. ತಪ್ಪಿದರೆ ರೆಕ್ಕೆ ಮಾರಬೇಕು. ರೆಕ್ಕೆ ಹೋದರೆ ನಾನು ಮತ್ತೆ ಬರೀ ಪೈಪಿನ ಸಿದ್ದರಾಮೇಶ. ಅದನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು.

ಉಪಗ್ರಹದ ಚಿತ್ರ ತೆಗೆದು ನೋಡಿದೆ. ಊರ ಸುತ್ತ ಹಿಪ್ಪುನೇರಳೆ ತೋಟ, ತೆಂಗು, ಕರೆಂಟು ತಂತಿ. ಕೆರೆಯಂಗಳವೊಂದೇ ಅಂಗೈಯಂತೆ ಬಯಲು. ಮದುವೆಯಾದಾಗಿನಿಂದ ಆ ಕೆರೆಯಲ್ಲಿ ಕುರಿ ಕಂಡಿದ್ದೆನೇ ಹೊರತು ನೀರು ಕಂಡಿರಲಿಲ್ಲ. ಕೆರೆ ಎಂದರೆ ನೀರಿಲ್ಲದ ಜಾಗ ಎಂದು ತಿಳಿಯುವವರು ಲೋಕದಲ್ಲಿ ನಮ್ಮ ಕಡೆಯವರು ಮಾತ್ರ ಇರಬೇಕು. ಜನಕ್ಕೆ ಚೆನ್ನಾಗಿ ಕಾಣಲೆಂದು ಅದರ ಅಂಚಿನಲ್ಲೇ ಗುರುತು ಹಾಕಿ, ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ದಿನವೂ ಇಳಿದೆ. ಆ ಸಲ ಮಳೆ ಜೋರಾಗಿ ಪೈಪಿನ ವ್ಯಾಪಾರ ನೆಲ ಕಚ್ಚಿತ್ತು. ಅಭ್ಯಾಸಕ್ಕೆ ಹೊತ್ತು ಸಿಕ್ಕಿತೆಂದು ಹಿಗ್ಗಿದೆನೇ ಹೊರತು ಆ ಮಳೆ ಎಲ್ಲಿಗೆ ಹೋಯಿತೆಂದು ಯೋಚಿಸಲಿಲ್ಲ.

ಹೊರಡುವ ದಿನವನ್ನೂ ಇಳಿಯುವ ಜಾಗವನ್ನೂ ತಿಳಿಸಿದಾಗ ಭುವನಾ, ಅವತ್ತೇ ತವರಿನ ಹೆಂಗಸರೆಲ್ಲ ಕೆರೆಗೆ ಬಾಗಿನ ಬಿಡುತ್ತಾರೆ, ತಾನು ಮುಂಚೆಯೇ ಹೋಗಿರುತ್ತೇನೆ ಎಂದಳು. ಕೆರೆ ತುಂಬಿದರೆ ತಾನೇ ಬಾಗಿನ? ಎಳೆಮಗುವಿಗೂ ಗೊತ್ತು. ನಾನಾಗ ಕಂಪ್ಯೂಟರಿನ ತೆರೆಯ ಮೇಲೆ ಎಡಕ್ಕೆ ತಿರುಗುತ್ತಿದ್ದೆ.

"ಚಲೋ ಆತು, ನೋಡಾಕ ಮಂದಿ ಇರ್ತಾರ" ಎಂದೆ.

ಆ ಬೆಳಿಗ್ಗೆ ಗಾಳಿ ಹದವಾಗಿತ್ತು. ಮಡಕಶಿರದ ಕೋಟೆಬೆಟ್ಟ ಹಿಂದೆ ಸರಿಯಿತು, ದಾರಿಯೆಲ್ಲ ಅಭ್ಯಾಸ ಮಾಡಿದ ಹಾಗೆಯೇ ಬಂತು. ಮೋಟಾರು ನಿಲ್ಲಿಸಿ ತೆಂಗಿನ ತೋಪು ದಾಟಿದರೆ ಕೆರೆಯಂಗಳ ಫಳಫಳ ಹೊಳೆಯುತ್ತಿದೆ. ಕಂಪ್ಯೂಟರಿನ ದೋಷವೆಂದುಕೊಂಡೆ. ಎದುರಿಗೆ ಕಂಪ್ಯೂಟರ್ ಇರಲಿಲ್ಲ. ಬೇರೆ ಕಡೆ ಇಳಿಯುವುದನ್ನು ಒಮ್ಮೆಯೂ ಕಲಿತಿರಲಿಲ್ಲವಾದ್ದರಿಂದ, ಗುರುತು ಹಾಕಿದ ಜಾಗಕ್ಕೇ, ಗೇಣೂ ಆಚೀಚೆಯಾಗದಂತೆ, ತೇಲುವ ಬಾಗಿನದ ಮೊರಗಳ ನಡುವೆ ಬಿದ್ದೆ. ಅತ್ತೆ ಅಂಬಮ್ಮ ದಡದಲ್ಲಿ ನಿಂತು, ಅಳಿಯಂದಿರಿಗೆ ಈಜು ಬರುತ್ತದೆಯೇ ಎಂದು ಎಲ್ಲರನ್ನೂ ವಿಚಾರಿಸುತ್ತಿದ್ದರಂತೆ.

ನೀರು ಸೊಂಟದಷ್ಟೇ ಇತ್ತು. ಆದರೆ ಬೆನ್ನ ಮೇಲೆ ಮೋಟಾರು, ಮೈಗೆಲ್ಲ ಹಗ್ಗ. ನಾನು ಏಳಲಾರದೆ ನೀರು ಕುಡಿಯುತ್ತಿದ್ದೆ. ರೇಷ್ಮೆ ಸೀರೆಯಲ್ಲೇ ನೀರಿಗಿಳಿದು ಬಂದು ಬೆಲ್ಟು ಬಿಚ್ಚಿ ಎಬ್ಬಿಸಿದವಳು ಭುವನಾ. ದಡದಲ್ಲಿ ಜನ ಆಗಲೇ ನಗುತ್ತಿದ್ದರು, ನನಗೂ ನಗು ಬರುತ್ತಿತ್ತು. ಅವಳ ಮುಖ ನೋಡಿದೆ. ತುಟಿ ಬಿಳಿಚಿತ್ತು. ಅವಳು ಇಷ್ಟು ಹೆದರಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಯಾರೂ ಹೇಳುವ ಮೊದಲೇ, ರೆಕ್ಕೆಯನ್ನು ಇವತ್ತೇ ಮಾರುತ್ತೇನೆ ಎಂದೆ.

ಅವಳು ನನ್ನ ತಲೆಯಿಂದ ಪಾಚಿ ತೆಗೆದಳು.

"ಮಾರ್ಬೇಡಿ. ಹೇಳಿದ್ ಜಾಗಕ್ಕೇ ಇಳಿದ್ರಿ, ಮಾತು ಮಾತೇ. ಆದ್ರೆ ಇನ್ಮೇಲೆ ಇಬ್ರು ಕೂರೋ ಅಂಥದ್ದು ತಗೊಳ್ಳಿ. ಮ್ಯಾಲೆ ಹೋದ್ರಾದ್ರೂ ನಾನ್ ಹೇಳೋದು ನಿಮ್ಗೆ ಕೇಳ್ಸುತ್ತೇನೋ."