ಬಂದೂಕಿಗೆ ಸುತ್ತಿದ ಅಂಗಿ

ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಹತ್ತು ದಿನ ರಜೆ ಹಾಕಿ ವಾಪಸು ಬಂದ ಬೀಗದಕ್ಕನಿಗೆ ತನ್ನ ಕೋಣೆಯ ಗುರುತೇ ಸಿಗಲಿಲ್ಲ. ಪೊಲೀಸರು ವಶಪಡಿಸಿಕೊಂಡ ಸಾಮಾನೆಲ್ಲ ಬಂದು ಬೀಳುವ ಠಾಣೆಯ ಮುದ್ದೆಮಾಲು ಕೋಣೆ ಅದು. ಇಪ್ಪತ್ತು ವರ್ಷದಿಂದ ಅದರ ಬೀಗದಕೈ ಅವಳ ಸೊಂಟದಲ್ಲೇ ಇದ್ದದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಅದನ್ನು ಠಾಣೆಯಲ್ಲಿ ಕೊಟ್ಟು ರಜೆಗೆ ಹೋಗುವಾಗ ಬಲಗಡೆ ಬೀರುವಿನಲ್ಲಿ ಬಂದೂಕು, ತೋಟಾಗಳಿದ್ದವು. ಎಡಗಡೆ ಕಪಾಟಿನಲ್ಲಿ ಕಾಗದದ ಪೊಟ್ಟಣಗಳಲ್ಲಿ ಬಟ್ಟೆಬರೆ. ಈಗ ಗೋಡೆಗೆ ಸುಣ್ಣ, ನೆಲಕ್ಕೆ ಫಿನಾಯಿಲು, ಸಾಲಾಗಿ ನೀಲಿ ಪ್ಲಾಸ್ಟಿಕ್ ಡಬ್ಬಗಳು.

"ಒಂದು ಕೇಸಿಗೆ ಒಂದು ಡಬ್ಬ, ಅಕ್ಕ! ಹೊಸ ಸಾಹೇಬ್ರ ಐಡಿಯಾ, ಕೈಕೆಲಸ ನಂದು" ಎಂದ ರೈಟರ್. ಠಾಣೆಯ ಕಾಗದಪತ್ರ ಬರೆಯುವ ಅವನಿಗೆ ನೀಟು ಎಂದರೆ ಪ್ರಾಣ. ಮದುವೆ ಗಂಡಿನ ಹಾಗೆ ಬೀಗುತ್ತ ನಿಂತಿದ್ದ.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಇನ್ಸ್‌ಪೆಕ್ಟರ್ ಸಾಹೇಬರು ಈ ಠಾಣೆಗೆ ಬಂದು ತಿಂಗಳೂ ಆಗಿರಲಿಲ್ಲ. ಬೀಗದಕ್ಕ ಮಾತ್ರ ಡಬ್ಬಗಳ ಮೇಲಿನ ನಂಬರು ಹುಡುಕತೊಡಗಿದಳು.

"ಮರದ ಮಿಲ್ಲಿನ ಕೇಸು ಎಲ್ಲಿದೆ? ಮಧ್ಯಾಹ್ನ ಲ್ಯಾಬಿನ ಗಾಡಿ ಬರತ್ತೆ."

ಏಳು ವಾರದ ಹಿಂದೆ ಮಿಲ್ಲಿನ ಮಾಲೀಕನಿಗೆ ಯಾರೋ ಗುಂಡು ಹೊಡೆದಿದ್ದರು. ಗರಗಸದ ಯಂತ್ರ ನಡೆಸುವವನನ್ನು ಹಿಡಿದು ತಂದಿದ್ದರು. ಗುಂಡು ಹಾರಿಸಿದವನ ಕೈಮೇಲೆ, ತೋಳಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮಸಿ ಕೂರುತ್ತದೆ. ಆದರೆ ಇವರು ಹಿಡಿಯುವಷ್ಟರಲ್ಲಿ ಅವನು ಗ್ರೀಸು ಹೋಗಲೆಂದು ಎರಡು ಸಲ ಕೈ ತಿಕ್ಕಿ ತೊಳೆದಿದ್ದ. ಉಳಿದದ್ದು ಅವತ್ತು ಅವನು ತೊಟ್ಟಿದ್ದ ಅಂಗಿಯೊಂದೇ. ತಾನು ಹೊಡೆದಿಲ್ಲ ಎನ್ನುವವನಿಗೆ ಇದ್ದ ಒಂದೇ ಸಾಕ್ಷಿ. ಬೀಗದಕ್ಕ ಹೊಸ ಕೈಗವಸು ತೊಟ್ಟು ಅದನ್ನು ತೆಗೆದುಕೊಂಡು, ಬೆವರು ಆರಿಸಿ, ಮಡಿಕೆಗೊಂದು ಬಿಳಿ ಹಾಳೆ ಇಟ್ಟು, ಕಾಗದದಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿದ್ದಳು. ಲ್ಯಾಬಿನ ಸರದಿ ಬಂದದ್ದು ಇವತ್ತು.

ರೈಟರ್ ಡಬ್ಬದ ಮುಚ್ಚಳ ತೆಗೆದ. ಒಳಗೆ ಆ ಕೇಸಿನ ಬಂದೂಕು ಮಲಗಿತ್ತು. ಅದರ ಸುತ್ತ ಆ ಅಂಗಿ. ಎರಡೂ ತೋಳನ್ನು ನಳಿಗೆಗೆ ಸುತ್ತಿ ಗಂಟು ಹಾಕಿತ್ತು.

"ಗಡಗಡ ಅಲ್ಲಾಡ್ತಿತ್ತು ಅಕ್ಕ. ಡಬ್ಬ ಒಡೆದೀತು ಅಂತ ಹೀಗೆ ಕಟ್ಟಿದೆ. ಹೆಂಗಿದೆ?"

"ಎಳೆಗೂಸಿಗೆ ಸುತ್ತಿದ ಹಾಗೆ ಸುತ್ತಿದ್ದೀಯಲ್ಲೋ ಪುಣ್ಯಾತ್ಮ! ಕಾಗದದ ಪೊಟ್ಟಣ ಏನಾಯ್ತು?"

"ಹಳೇದಾಗಿತ್ತು, ಬಿಸಾಕಿದೆ. ಡಬ್ಬದ ಮೇಲೆ ಹೊಸ ಸೀಲು ಹಾಕಿದೀನಲ್ಲ."

"ಯಾವಾಗ ಕಟ್ಟಿದ್ದು?"

"ಆರು ದಿನ ಆಯ್ತು. ಯಾಕಕ್ಕ, ಮುಖ ಹಾಗಾಯ್ತು?"

ಬೈಯಲು ಬಾಯಿ ತೆರೆದವಳು ಬೈಯಲಿಲ್ಲ. ನಳಿಗೆಯ ಮಸಿ ಬಟ್ಟೆಗೆ ಹತ್ತುತ್ತದೆ, ಅದಕ್ಕೇ ಬಂದೂಕು ಒಂದು ಕಡೆ, ಬಟ್ಟೆ ಇನ್ನೊಂದು ಕಡೆ ಎಂದು ಇಪ್ಪತ್ತು ವರ್ಷದಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ. ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿರಲಿಲ್ಲ. ತನಗೆ ಗೊತ್ತಿದ್ದರೆ ಲೋಕಕ್ಕೇ ಗೊತ್ತಿದ್ದಂತೆ ಎಂದು ನಡೆದುಬಿಟ್ಟಿದ್ದಳು.

ತಮ್ಮ ಕೋಣೆಯಲ್ಲಿ ಸಾಹೇಬರು ಅವಳು ಹೇಳಿದ್ದನ್ನು ಕೇಳಿಸಿಕೊಂಡು ಕುರ್ಚಿಗೆ ಒರಗಿದರು. "ಈಗೇನು, ಅಂಗಿ ಮೇಲೆ ಮಸಿ ಸಿಗತ್ತೆ, ಅಷ್ಟೇ ತಾನೇ? ಸಿಗಲಿ ಬಿಡಿ. ಹೊಡೆದಿರೋದು ಅವನೇ."

"ಹೊಡೆದಿದ್ರೂ ಸಿಗತ್ತೆ, ಹೊಡೀದಿದ್ರೂ ಸಿಗತ್ತೆ ಸಾರ್. ಈ ಅಂಗೀನ ನಮ್ಮಮ್ಮ ಹಾಕ್ಕೊಂಡಿದ್ರೂ ಸಿಗತ್ತೆ. ಆರು ದಿನ ಬಂದೂಕಿನ ಜೊತೆ ಇತ್ತು ಅಂತ ಲ್ಯಾಬಿನ ಪತ್ರದಲ್ಲಿ ಬರೀಬೇಕು."

"ಬರೆದು? ಠಾಣೆ ಮರ್ಯಾದೆ ಹರಾಜು ಹಾಕೋಣ ಅಂತಾನಾ? ನೀವು ಯಾರ ಕಡೆ, ಮೊದಲು ಅದು ಹೇಳಿ."

"ಅಂಗಿ ಕಡೆ ಸಾರ್."

ಬಾಗಿಲ ಮರೆಯಲ್ಲಿದ್ದ ರೈಟರಿಗೆ ನಗು ಬಂದು ಕೆಮ್ಮಾಯಿತು. ಸಾಹೇಬರ ಕಿವಿ ಕೆಂಪೇರಿತು. "ಬರೆಯೋದು ಬೇಡ. ಹಾಗೇ ಕಳಿಸಿ."

"ಹಾಗೇ ಕಳಿಸೋಕೆ ನನ್ನ ಸಹಿ ಬೇಕು. ನಾನು ಹಾಕಲ್ಲ."

ಹೊರಗೆ ಲ್ಯಾಬಿನ ಗಾಡಿ ಹಾರ್ನ್ ಹೊಡೆಯಿತು. ಬೀಗದಕ್ಕ ಅಂಗಿ ಆರು ದಿನ ಬಂದೂಕಿನ ಜೊತೆ ಇತ್ತೆಂದು ಲ್ಯಾಬಿನ ಪತ್ರದಲ್ಲಿ ಎರಡು ಸಾಲು ಬರೆದು ಮೇಜಿನ ಮೇಲಿಟ್ಟಳು. ಗಾಡಿಯವನು ಮತ್ತೆ ಹೊಡೆದ. ಮೂರನೇ ಸಲಕ್ಕೆ ಸಾಹೇಬರು ಪತ್ರ ಎಳೆದುಕೊಂಡು, ಅವಳು ಬರೆದ ಎರಡು ಸಾಲಿನ ಕೆಳಗೆ ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದರು. "ಇದು ನಿಮ್ಮ ಸರ್ವಿಸ್ ಪುಸ್ತಕದಲ್ಲೂ ಏರತ್ತೆ."

"ಏರಲಿ ಸಾರ್" ಎಂದಳು. ಗೆದ್ದ ಖುಷಿ ಒಂದು ಚೂರೂ ಇರಲಿಲ್ಲ. ಗೆದ್ದದ್ದಾದರೂ ಏನು? ಹಾಲು ಒಡೆದಿದೆ ಎಂದು ಬರೆದಿಟ್ಟರೆ ಒಡೆದ ಹಾಲು ಕೂಡುತ್ತದೆಯೇ?

ಅಂಗಳದ ಬೆಂಚಿನಲ್ಲಿ ಗರಗಸದವನ ಹೆಂಡತಿ ಕೂತಿದ್ದಳು. ಬೀಗದಕ್ಕ ರಜೆಗೆ ಹೋಗುವವರೆಗೂ ವಾರವಾರವೂ ತಪ್ಪದೆ ಬಂದು "ಅಂಗಿ ಹೋಯ್ತಾ ಅಕ್ಕ?" ಎಂದು ಕೇಳಿದವಳು.

"ಹೋಯ್ತು" ಎಂದು ಬೀಗದಕ್ಕ ಎಲ್ಲವನ್ನೂ ಹೇಳಿದಳು. ಕೊನೆಗೆ, "ಇನ್ನು ಆ ಅಂಗಿ ನಿನ್ನ ಗಂಡನ್ನ ಮುಳುಗಿಸಲ್ಲಮ್ಮ. ಆದ್ರೆ ದಡಾನೂ ಸೇರಿಸಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ನಾನು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯೋಳು, ಮೇಡಂ" ಎಂದಳು. ಅಕ್ಕ ಹೋಗಿ ಮೇಡಂ ಬಂದಿತ್ತು. "ಒಗೆದ ಹಾಸಿಗೆ ಬಟ್ಟೇನ ಕೊಳೆ ಗಾಡೀಲಿ ಹಾಕಿದ್ರೆ ಅವತ್ತೇ ಮನೆಗೆ ಕಳಿಸ್ತಾರೆ. ನಾಲ್ಕನೇ ಕ್ಲಾಸು ಓದಿದೋಳಿಗೆ ಗೊತ್ತಿರೋದು ನಿಮಗೆ ಗೊತ್ತಿಲ್ವಾ?"

ಬೀಗದಕ್ಕ ಲ್ಯಾಬಿನ ಪತ್ರದ ನಕಲನ್ನು ಮುಂದೆ ಹಿಡಿದಳು. "ವಕೀಲರಿಗೆ ಕೊಡು. ರಿಪೋರ್ಟಲ್ಲಿ ಮಸಿ ಇದೆ ಅಂತ ಬಂದಾಗ ಇದನ್ನ ತೋರಿಸ್ಲಿ."

ಅವಳು ಬೆರಳಿಟ್ಟು ನಿಧಾನಕ್ಕೆ ಓದಿದಳು. "ಇದನ್ನ ಕೋರ್ಟಲ್ಲಿ ಬಾಯಿಬಿಟ್ಟು ಹೇಳ್ತೀರಾ?"

"ಹೇಳ್ತೀನಿ."

"ನಿಮ್ಮ ಸಾಹೇಬ್ರು ಎದುರಿಗೇ ಕೂತಿದ್ರೆ?"

"ಕೂತಿದ್ರೂ."

"ಬಾಯಿಮಾತು ಕೇಳಿ ಕೇಳಿ ಸಾಕಾಗಿದೆ. ಬರೆದು ಕೊಡಿ."

ಬೀಗದಕ್ಕ ಬೆಂಚಿನ ತುದಿಯಲ್ಲಿ ಕೂತು, ಕಾಗದ ತಿರುವಿ, ಹಿಂಬದಿಯಲ್ಲಿ ಬರೆಯತೊಡಗಿದಳು. ಅವನ ಹೆಂಡತಿ ಹೆಗಲ ಮೇಲಿಂದ ಬಗ್ಗಿ, ಒಂದೊಂದು ಪದ ಬೀಳುತ್ತಿದ್ದಂತೆ ತುಟಿ ಆಡಿಸಿ ಓದಿಕೊಳ್ಳುತ್ತಿದ್ದಳು.